ಹುಲಿಗೆಪ್ಪ ಕಟ್ಟಿದ ಟಾಕಿ

ನನ್ನ ಗಂಡ ಕಟ್ಟಿದ ಟಾಕಿಯ ಬಗ್ಗೆ ಯಾರಾದರೂ ಕೆಟ್ಟ ಮಾತಾಡಿದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಗುಡಿ ಕಟ್ಟಿಸಿದವರ ಹೆಸರನ್ನು ಜನ ಕಲ್ಲಿನಲ್ಲಿ ಕೆತ್ತಿಸುತ್ತಾರೆ. ಸಂಡಾಸದ ಟಾಕಿ ಕಟ್ಟಿದವನ ಹೆಸರು ನೆನಪಾಗುವುದು ಅದು ನಾರಿದಾಗ ಮಾತ್ರ. ಹಾಗೆ ಹುಲಿಗೆಪ್ಪನ ಹೆಸರು ನೆನಪಾಗಿ ದೇವದಾಸ್ ಸಾಹೇಬರು ನಮ್ಮ ಗುಡಿಸಲಿನ ಮುಂದೆ ಸ್ಕೂಟರ್ ನಿಲ್ಲಿಸಿದ್ದು ಎಂಬತ್ಮೂರನೆಯ ಇಸವಿಯ ಚಳಿಗಾಲದಲ್ಲಿ, ಒಂದು ಸೋಮವಾರ ಬೆಳಿಗ್ಗೆ.

ದೇವದಾಸ್ ಎಂದರೆ ಪುಣೆಯ ಅಂಚಿನ ಕೊಂಢವಾ ಎಂಬ ಊರಲ್ಲಿ ಗುಡ್ಡದ ಕೆಳಗಿದ್ದ ಆರು ಮನೆಗಳ ಸೊಸೈಟಿಗೆ ಸೆಕ್ರೆಟರಿ. ಪುಣೆಯ ಗಟಾರು ಆಗಿನ್ನೂ ನಮ್ಮ ಕಡೆ ತಲೆ ಹಾಕಿರಲಿಲ್ಲ. ಆರು ಮನೆಗೂ ಸೇರಿ ಒಂದೇ ಟಾಕಿ, ದೇವದಾಸರ ಮನೆಯ ಹಿಂದಿನ ಅಂಗಳದಲ್ಲಿ. ಸಂಡಾಸ, ಬಚ್ಚಲು, ಪಾತ್ರೆ ತೊಳೆಯುವ ಮೋರಿ ಎಲ್ಲದರ ನೀರೂ ನೆಲದೊಳಗಿನ ಆ ಟಾಕಿಗೆ ಬಂದು, ಅಲ್ಲಿ ತಿಳಿಯಾಗಿ, ಪಕ್ಕದ ಇಂಗುಗುಂಡಿಗೆ ಹೋಗಿ ಭೂಮಿಗೆ ಇಳಿಯಬೇಕು. ಆರು ವರ್ಷದ ಹಿಂದೆ ಅದನ್ನು ಕಟ್ಟಿದ ಗೌಂಡಿ ಹುಲಿಗೆಪ್ಪ. ಇಟ್ಟಿಗೆ ಹೊತ್ತವಳು ನಾನು, ತಿಪ್ಪವ್ವ.

ಸಾಹೇಬರು ಸ್ಕೂಟರಿನಿಂದ ಇಳಿಯಲೂ ಇಲ್ಲ. “ತುಝೀ ಟಾಕೀ ಫೇಲ್ ಝಾಲೀ, ಹುಲಿಗ್ಯಾ,” ಎಂದರು. ನಿನ್ನ ಟಾಕಿ ಕೆಟ್ಟಿತು ಎಂದು. ಆಮೇಲೆ ಮರಾಠಿಯಲ್ಲಿ ಒಂದೇ ಸಮನೆ ಸುರಿದರು. ಇಂಗುಗುಂಡಿಯ ಮೇಲೆ ಕಪ್ಪು ನೀರು ನಿಂತಿದೆ, ವಾಸನೆಗೆ ಊಟ ಸೇರುತ್ತಿಲ್ಲ, ಸಂಡಾಸದಲ್ಲಿ ನೀರು ಗುಳುಗುಳು ಎಂದು ವಾಪಸು ಬರುತ್ತಿದೆ. ಒಳಗೆ ಗೋಡೆ ಬಿರುಕು ಬಿಟ್ಟಿರಬೇಕು, ನೀನು ಸಿಮೆಂಟು ನುಂಗಿ ಮಣ್ಣು ಮೆತ್ತಿದ್ದೀಯ. ಗುರುವಾರ ಕಾರ್ಖಾನೆಗೆ ರಜೆ, ನಾನು ಮನೆಯಲ್ಲಿರುತ್ತೇನೆ. ಒಂಬತ್ತು ಗಂಟೆಗೆ ಬಂದು ಒಳಗೆ ಇಳಿದು, ಕೆಸರು ತೆಗೆದು, ಗೋಡೆ ಸರಿಮಾಡಿಕೊಡು. ಇಲ್ಲದಿದ್ದರೆ ಕೊಂಢವಾದ ಒಂದೊಂದು ಸೈಟಿಗೂ ಹೋಗಿ ಇವನ ಕೈಗೆ ಕರಣೆ ಕೊಡಬೇಡಿ ಎಂದು ಹೇಳುತ್ತೇನೆ.

“ಉತರತೋ, ಸಾಹೇಬ್,” ಎಂದ ನನ್ನ ಗಂಡ. ಇಳಿಯುತ್ತೇನೆ.

ಒಂದು ಮಾತು ಕೇಳಲಿಲ್ಲ, ಒಂದು ಮಾತು ಎದುರಾಡಲಿಲ್ಲ. ಸ್ಕೂಟರಿನ ಹೊಗೆ ಇನ್ನೂ ಅಂಗಳದಲ್ಲಿತ್ತು, ನಾನು ಶುರುಮಾಡಿದೆ.

“ಇಳೀತೀಯಾ? ಆರು ವರ್ಷದ ಟಾಕಿ ಒಳಗ ಇಳೀತೀಯಾ? ತಲಿ ನೆಟ್ಟಗದ ಏನು ನಿಂದು?”

“ನನ್ನ ಗೋಡಿ ಬಿರುಕು ಬಿಟ್ಟದ ಅಂದಾನ. ಕಣ್ಣಿಲೆ ನೋಡದ ಬಿಡಾಂಗಿಲ್ಲ.”

“ಹುಸೇನಪ್ಪ ಏನ್ ನೋಡಾಕ ಇಳದಿದ್ದ?”

ಅವನು ಕರಣೆ ಎತ್ತಿಕೊಂಡು ಕೆಲಸಕ್ಕೆ ಹೊರಟುಬಿಟ್ಟ. ಹುಸೇನಪ್ಪ ನನ್ನ ತಮ್ಮ. ನಮ್ಮ ಜೊತೆಗೇ ರಾಯಚೂರು ಕಡೆಯಿಂದ ಬಂದು ಗಾರೆ ಕಲಸುತ್ತಿದ್ದ. ಎಪ್ಪತ್ತೊಂಬತ್ತರಲ್ಲಿ ಒಬ್ಬ ಮಾಲೀಕನ ಹಳೆಯ ಟಾಕಿಯಲ್ಲಿ ಬಕೆಟ್ ಬಿತ್ತೆಂದು ತೆಗೆಯಲು ಇಳಿದ. ಸೊಂಟಕ್ಕೆ ಹಗ್ಗ ಇತ್ತು. ಟಾಕಿಯಲ್ಲಿ ಇದ್ದದ್ದು ಮೊಣಕಾಲು ಮಟ್ಟದ ಕೆಸರು, ಮುಳುಗುವಷ್ಟು ನೀರೂ ಇರಲಿಲ್ಲ. ಆದರೆ ಅಲ್ಲಿಯ ಗಾಳಿ ಮನುಷ್ಯರು ಉಸಿರಾಡುವ ಗಾಳಿಯಲ್ಲ. ನಾಲ್ಕು ಮೆಟ್ಟಿಲು ಇಳಿದವನು ಒಂದು ಮಾತೂ ಇಲ್ಲದೆ ಕುಸಿದ. ಹಗ್ಗ ಜಗ್ಗಿ ಮೇಲೆ ತರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮಾಲೀಕನಿಗೆ ಬಕೆಟ್ ಸಿಕ್ಕಿತೇ ಎಂದು ನಾನು ಆಗ ಕೇಳಲಿಲ್ಲ. ಈಗಲಾದರೂ ಹುಡುಕಿಕೊಂಡು ಹೋಗಿ ಕೇಳಬೇಕು ಅನಿಸುತ್ತದೆ.

ಇದೆಲ್ಲ ಹುಲಿಗೆಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ತಮ್ಮನ ಹೆಣಕ್ಕೆ ಹೆಗಲು ಕೊಟ್ಟವನೇ ಅವನು. ಆದರೆ ಅವನ ಗೋಡೆಯ ಬಗ್ಗೆ ಮಾತು ಬಂದರೆ ಅವನಿಗೆ ಜೀವ, ಹೆಂಡತಿ, ಸತ್ತ ಭಾವಮೈದುನ ಯಾವುದೂ ಕಣ್ಣಿಗೆ ಕಾಣುವುದಿಲ್ಲ. ಗುರುವಾರಕ್ಕೆ ಮೂರು ದಿನ ಉಳಿದಿತ್ತು. ಅಷ್ಟರೊಳಗೆ ಆ ಟಾಕಿಗೆ ಏನಾಗಿದೆ ಎಂದು ಅವನು ಇಳಿಯದೆಯೇ ಗೊತ್ತಾಗಬೇಕಿತ್ತು. ಇಲ್ಲದಿದ್ದರೆ ಅವನು ಇಳಿಯುತ್ತಿದ್ದ, ನಾನು ಮೇಲೆ ನಿಂತು ಹಗ್ಗ ಹಿಡಿದುಕೊಳ್ಳಬೇಕಿತ್ತು.

ನನಗೆ ಮೊದಲು ಅನುಮಾನ ಬಂದದ್ದು ಪುಡಿಯ ಮೇಲೆ. ಒಂದು ವರ್ಷದಿಂದ ದೇವದಾಸರು ಸೊಸೈಟಿಗೆ ‘ಗಟಾರಮಿತ್ರ’ ಎಂಬ ಪುಡಿ ತರಿಸುತ್ತಿದ್ದರು. ಮಾರುವವನು ಅವರ ತಂಗಿಯ ಗಂಡ. ಡಬ್ಬಿಯ ಮೇಲೆ ನಗುವ ಕಮೋಡಿನ ಚಿತ್ರ. ಪ್ರತಿ ಅಮಾವಾಸ್ಯೆ ಆರು ಮನೆಯವರೂ ಬಿಸಿನೀರಿನ ಬಕೆಟ್ಟಿಗೆ ಪುಡಿ ಮತ್ತು ಬೆಲ್ಲ ಕದಡಿ ಸಂಡಾಸಕ್ಕೆ ಸುರಿಯಬೇಕು, ಟಾಕಿ ತನ್ನಷ್ಟಕ್ಕೆ ಖಾಲಿಯಾಗುತ್ತದೆ, ಇನ್ನು ಕೆಸರು ಎಳೆಯುವ ಲಾರಿಯ ಗೊಡವೆಯೇ ಇಲ್ಲ ಎಂದು ಸೊಸೈಟಿಯ ಮೀಟಿಂಗಿನಲ್ಲಿ ಪಾಸಾಗಿತ್ತು. ಪುಡಿ ಹಾಕಿದ ಮೇಲೆ ನಾಲ್ಕು ದಿನ ಟಾಕಿಯ ಹೊಟ್ಟೆ ಗುಡುಗುಡು ಎನ್ನುತ್ತಿತ್ತು. ಪುಡಿ ಕೆಲಸ ಮಾಡುತ್ತಿದೆ ಎಂದು ಎಲ್ಲರಿಗೂ ಖುಷಿ.

ಹುಲಿಗೆಪ್ಪ ಟಾಕಿ ಮುಗಿಸಿದ ದಿನ ಮನೆಯವರನ್ನೆಲ್ಲ ನಿಲ್ಲಿಸಿ ಪಾಠ ಹೇಳುತ್ತಿದ್ದ. ಒಳಗೆ ಮೂರು ಪದರ ಆಗುತ್ತದೆ. ಮೇಲೆ ಕೆನೆ, ನಡುವೆ ನೀರು, ತಳದಲ್ಲಿ ಕೆಸರು. ಕೆಸರನ್ನು ತಿನ್ನುವ ಹುಳ ನಮ್ಮ ಹೊಟ್ಟೆಯಿಂದಲೇ ಬರುತ್ತದೆ, ಅಂಗಡಿಯಿಂದ ತರಬೇಕಿಲ್ಲ. ಪುಡಿ ಬೇಡ, ಆ್ಯಸಿಡ್ ಬೇಡ, ಬೆಲ್ಲ ಬೇಡ, ಸತ್ತ ಕೋಳಿಯೂ ಬೇಡ. ಸತ್ತ ಕೋಳಿ ಹಾಕಿದರೆ ಟಾಕಿ ಚುರುಕಾಗುತ್ತದೆ ಎಂದು ನಂಬಿದ ದೊಡ್ಡ ದೊಡ್ಡ ಜನರನ್ನು ನಾನೇ ಕಂಡಿದ್ದೇನೆ. ಮೊಸರಿನ ಗಡಿಗೆಯಲ್ಲಿ ದಿನಾ ಕೈ ಆಡಿಸಿದರೆ ಹೆಪ್ಪು ನಿಲ್ಲುತ್ತದೆಯೇ ಎಂದು ಕೇಳುತ್ತಿದ್ದ. ಅದರ ಪಾಡಿಗೆ ಅದನ್ನು ಬಿಡಿ, ವರ್ಷಕ್ಕೊಮ್ಮೆ ಅಳೆಯಿರಿ, ಕೆಸರು ಮೂರರಲ್ಲಿ ಒಂದು ಪಾಲು ತುಂಬಿದಾಗ ಲಾರಿ ಕರೆಸಿ. ಅಷ್ಟೇ.

ಅಳೆಯುವುದಕ್ಕೆ ಅವನೇ ಒಂದು ಬಿದಿರು ಕೋಲು ಕಡಿದು ಕೊಡುತ್ತಿದ್ದ. ಅದರ ಮೇಲೆ ಕಚ್ಚು ಹಾಕಿರುತ್ತಿದ್ದ, ಇಲ್ಲಿಯವರೆಗೆ ಕೆಸರು ಬಂದರೆ ಲಾರಿ ಎಂದು. ಬೇರೆ ಯಾವ ಗೌಂಡಿಯೂ ಕೊಡದ ಕೋಲು ಅದು. ದೇವದಾಸರ ಮನೆಗೂ ಕೊಟ್ಟಿದ್ದ. ಹಾಗಾಗಿ ಮಂಗಳವಾರ ಬೆಳಿಗ್ಗೆ ಅವರ ಮನೆಯ ಪಾತ್ರೆ ತೊಳೆದು ಮುಗಿಸಿದ ಮೇಲೆ ಅವರ ಹೆಂಡತಿ ಭಾಮಾಬಾಯಿಯನ್ನು ಆ ಕೋಲು ಕೇಳಿದೆ. ನಾಲ್ಕು ವರ್ಷದ ಹಿಂದೆ ನನ್ನ ಮೊಣಕಾಲು ಕೆಟ್ಟು ಬುಟ್ಟಿ ಹೊರುವುದು ಆಗದೆ ಹೋದಾಗ ಆ ಆರೂ ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಹಿಡಿದಿದ್ದೆ.

“ಅಗ ಬಾಯೀ! ತೀ ಗುಢೀಚೀ ಕಾಠೀ ಆಹೇ!” ಎಂದು ಭಾಮಾಬಾಯಿ ಎದೆಯ ಮೇಲೆ ಕೈ ಇಟ್ಟುಕೊಂಡರು. ಅಯ್ಯೋ, ಅದು ಗುಢಿಯ ಕೋಲು ಎಂದು. ಆ ಕೋಲಿಗೆ ಪ್ರತಿ ಯುಗಾದಿಗೆ ರೇಷ್ಮೆ ಖಣ ಉಡಿಸಿ, ತಾಮ್ರದ ತಂಬಿಗೆ ಬೋರಲು ಹಾಕಿ, ಬೇವಿನ ಸೊಪ್ಪು ಕಟ್ಟಿ ಬಾಗಿಲಲ್ಲಿ ಗುಢಿ, ಅಂದರೆ ಹಬ್ಬದ ಧ್ವಜ, ಏರಿಸುತ್ತಿದ್ದರಂತೆ. ನೆಟ್ಟಗೆ, ಉದ್ದಕ್ಕೆ, ಗಂಟಿಲ್ಲದೆ ಇದೆ ಎಂದು. ಆರು ವರ್ಷದಿಂದ ಅದಕ್ಕೆ ಅರಿಸಿನ ಕುಂಕುಮ. ಟಾಕಿಯ ವಾಸನೆ ಒಮ್ಮೆಯೂ ತೋರಿಸಿಲ್ಲ.

ಅದು ಮೊದಲು ಟಾಕಿಯ ಕೋಲು, ಆಮೇಲೆ ಗುಢಿಯ ಕೋಲು ಎಂದು ನನಗೆ ಬರುವ ಮರಾಠಿಯಲ್ಲಿ ಹೇಳಿದೆ. ದೇವರ ಕೋಲನ್ನು ಹೇಲಿನಲ್ಲಿ ಅದ್ದುತ್ತೀಯಾ ಎಂದು ಅವರು ಬಾಗಿಲು ಹಾಕಿಕೊಂಡರು. ನನಗೆ ನಗು ಬಂತು, ಸಿಟ್ಟೂ ಬಂತು. ಹುಲಿಗೆಪ್ಪ ಕಣ್ಣು ಕಿರಿದು ಮಾಡಿ ಹಾಕಿದ ಕಚ್ಚಿನ ಮೇಲೆ ಇವರು ಆರು ವರ್ಷ ಹೂವಿನ ಹಾರ ಕಟ್ಟಿದ್ದರು.

ಪಕ್ಕದ ಮನೆಯ ಕಾಂತಪ್ಪನವರು ಗೋಡೆಯಾಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ದೌಂಡ್ ಊರಿನ ರೈಲ್ವೆಯಲ್ಲಿ ಕ್ಲಾರ್ಕ್ ಆಗಿದ್ದು ನಿವೃತ್ತರಾದವರು, ವಿಜಾಪುರದ ಇಂಡಿ ಕಡೆಯವರು. ಆ ಸೊಸೈಟಿಯಲ್ಲಿ ನನ್ನ ಜೊತೆ ಕನ್ನಡ ಆಡುವವರು ಅವರೊಬ್ಬರೇ.

“ಕೋಲಿಗೇನು ಬರ ತಿಪ್ಪವ್ವಾ? ನಮ್ಮ ಸೊಳ್ಳಿ ಪಡದೆ ಕೋಲು ಅದ, ತಗೊ,” ಎಂದರು. “ಆದ್ರ ಆಳಾ ಎಷ್ಟಂತ ನಿನಗ ಹ್ಯಾಂಗ ಗೊತ್ತಾಗಬೇಕು? ಕಚ್ಚು ಇಲ್ಲಲಾ?”

“ಕಚ್ಚು ನನ್ನ ಮೈಯಾಗ ಅದ್ರಿ. ಟಾಕಿ ತಳದಾಗ ನಿಂತು ಇಟ್ಟಂಗಿ ಕೊಟ್ಟಾಕಿ ನಾನು. ಗೋಡಿ ನನ್ನ ತಲಿಮ್ಯಾಲ ಎರಡು ಗೇಣು ಇತ್ತು.”

ಕೋಲನ್ನು ನನ್ನ ಪಕ್ಕ ನಿಲ್ಲಿಸಿ ನೆತ್ತಿಯ ಮೇಲೆ ಎರಡು ಗೇಣಿಗೆ ಇದ್ದಿಲಿನಲ್ಲಿ ಒಂದು ಗೆರೆ ಹಾಕಿದೆ, ಕೋಲು ತಳ ಮುಟ್ಟಿದರೆ ಆ ಗೆರೆ ಟಾಕಿಯ ಬಾಯಿಗೆ ಬರಬೇಕು. ತುದಿಯಿಂದ ಅರ್ಧಕ್ಕೆ ಬಿಳಿ ಅರಿವೆ ಸುತ್ತಿದೆ. ಇಬ್ಬರೂ ಸೇರಿ ಹಾರೆ ಹಾಕಿ ಮುಚ್ಚಳ ಸರಿಸಿದೆವು. ವಾಸನೆ ಮುಖಕ್ಕೆ ಹೊಡೆಯಿತು. ಕಾಂತಪ್ಪನವರು ಅಭ್ಯಾಸದಂತೆ ಬೀಡಿ ತೆಗೆದು ಕಡ್ಡಿ ಗೀರುವುದರಲ್ಲಿದ್ದರು.

“ಒಗೀರಿ ಅದನ್ನ!” ಎಂದು ನಾನು ಕೂಗಿದ ರಭಸಕ್ಕೆ ಬೀಡಿ, ಕಡ್ಡಿಪೆಟ್ಟಿಗೆ ಎರಡೂ ಕೆಳಗೆ ಬಿದ್ದವು. “ಒಳಗಿಂದು ಬೆಂಕಿ ಹತ್ತೂ ಗಾಳಿ. ನಿಮ್ಮ ಮೀಸಿ ಜೋಡಿ ನಾನೂ ಹೋಗ್ತೀನಿ.”

ಸ್ವಲ್ಪ ಹೊತ್ತು ದೂರ ನಿಂತೆವು. ಆಮೇಲೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಕೋಲು ಇಳಿಸಿದೆ. ಹುಲಿಗೆಪ್ಪ ಹೇಳುತ್ತಿದ್ದ ಪ್ರಕಾರ ಕೋಲು ಮೊದಲು ಕೆನೆಯಲ್ಲಿ ತೂರಬೇಕು, ಆಮೇಲೆ ನೀರಿನಲ್ಲಿ ಸಲೀಸಾಗಿ ಇಳಿದು, ತಳದ ಕೆಸರಿನಲ್ಲಿ ಮೆತ್ತಗೆ ಹೂತುಕೊಳ್ಳಬೇಕು. ಇದು ಒಂದು ಮೊಳ ಇಳಿದು ಗಕ್ಕನೆ ನಿಂತಿತು. ಒತ್ತಿದೆ. ಕರಕರ ಎಂದಿತು. ಒದ್ದೆ ಮರಳಿನಲ್ಲಿ ಕೋಲು ಚುಚ್ಚಿದ ಹಾಗೆ. ಇದ್ದಿಲಿನ ಗೆರೆ ಇನ್ನೂ ನನ್ನ ಕಣ್ಣಿನ ಮಟ್ಟದಲ್ಲಿತ್ತು. ಮೂರರಲ್ಲಿ ಒಂದು ಪಾಲು ಇರಬೇಕಾದ ಕೆಸರು ಮೂರರಲ್ಲಿ ಎರಡು ಪಾಲು ದಾಟಿತ್ತು.

ಕೋಲು ಮೇಲೆ ತೆಗೆದಾಗ ಅರಿವೆಗೆ ಕಪ್ಪು ಕೆಸರಿಗಿಂತ ಹೆಚ್ಚು ಬೂದು ಬಣ್ಣದ ರಾಡಿ ಮೆತ್ತಿಕೊಂಡಿತ್ತು. ಒಂದು ಚೂರು ಬೆರಳಿಗೆ ತೆಗೆದುಕೊಂಡು ಉಜ್ಜಿದೆ. ಕಣ್ಣಿಗಿಂತ ಮೊದಲು ಬೆರಳಿಗೆ ಗುರುತು ಸಿಕ್ಕಿತು. ದಿನಕ್ಕೆ ಎರಡು ಹೊತ್ತು, ನಾಲ್ಕು ವರ್ಷ ಉಜ್ಜಿದ ಬೆರಳು ಅದು.

ಬೂದಿ.

ಮುಚ್ಚಳದ ಪಕ್ಕ ಹಾಗೆಯೇ ಕೂತುಬಿಟ್ಟೆ.

ಆರು ಮನೆಗಳಲ್ಲೂ ಸ್ನಾನದ ನೀರು ಕಾಯುವುದು ತಾಮ್ರದ ಬಂಬದಲ್ಲಿ, ಕಟ್ಟಿಗೆ ಉರಿಯಲ್ಲಿ. ಆ ಬೂದಿಯನ್ನು ಜರಡಿ ಹಿಡಿದು ಡಬ್ಬಿ ತುಂಬಿ ಮೋರಿಯ ಪಕ್ಕ ಇಡುತ್ತಿದ್ದರು. ನಾನು ತೆಂಗಿನ ನಾರಿನಲ್ಲಿ ಅದನ್ನು ಹಚ್ಚಿ ಪಾತ್ರೆ ತಿಕ್ಕುತ್ತಿದ್ದೆ. ಭಾಮಾಬಾಯಿಯ ಮನೆಯಲ್ಲಿ ಇನ್ನೊಂದು ಕಟ್ಟಳೆ. ಒಂದು ಹಿಡಿ ಬೂದಿ ಜಿಡ್ಡಿಗೆ, ಇನ್ನೊಂದು ಹಿಡಿ ನನ್ನ ಕೈಗೆ. ನನ್ನ ಕೈ ಮುಟ್ಟಿದ ಪಾತ್ರೆ ಶುದ್ಧವಾಗಬೇಕಲ್ಲ. ತೊಳೆದಿಟ್ಟ ಪಾತ್ರೆಯ ಮೇಲೆ ಮತ್ತೊಂದು ಸಲ ಬೂದಿ ಉದುರಿಸಿ, ಮತ್ತೊಂದು ಸಲ ನೀರು ಸುರಿಯಬೇಕು. ಅವರನ್ನು ನೋಡಿ ಉಳಿದ ಮನೆಯವರೂ ಹಾಗೆಯೇ ಹಿಡಿದಿದ್ದರು. ಕಾಂತಪ್ಪನವರ ಮನೆಯೂ ಅದರಲ್ಲಿ ಹೊರತಲ್ಲ. ಆ ಬೂದಿಯೆಲ್ಲ ಮೋರಿಯಿಂದ ಟಾಕಿಗೆ. ಅದು ಕೊಳೆಯುವುದಿಲ್ಲ, ಕರಗುವುದಿಲ್ಲ. ಯಾವ ಹುಳವೂ ಅದನ್ನು ತಿನ್ನುವುದಿಲ್ಲ. ಬಿದ್ದಲ್ಲಿ ಕೂರುತ್ತದೆ, ಗಾರೆಯ ಹಾಗೆ ಗಟ್ಟಿಯಾಗುತ್ತದೆ.

ಬೂದಿ, ಮರಳು, ಇಟ್ಟಿಗೆ ಪುಡಿ ಬಿಡಬೇಡಿ ಎಂದು ಹುಲಿಗೆಪ್ಪ ಆರೂ ಮನೆಯವರಿಗೆ ಹೇಳಿದ್ದನಂತೆ. ನನಗೆ ಹೇಳಿರಲಿಲ್ಲ. ಆಗ ನಾನು ಬುಟ್ಟಿ ಹೊರುವವಳು, ಪಾತ್ರೆ ತೊಳೆಯುವವಳಲ್ಲ. ಅವನು ಪಾಠ ಹೇಳುವಾಗ ನಾನು ಆಚೆ ಗಾರೆಯ ತೊಟ್ಟಿ ತೊಳೆಯುತ್ತಿದ್ದೆ, ಅರ್ಧ ಕಿವಿಗೆ ಬೀಳುತ್ತಿತ್ತು, ಅರ್ಧ ಇಲ್ಲ. ಹೇಳಿಸಿಕೊಂಡವರು ಮರೆತರು, ಹೇಳಿಸಿಕೊಳ್ಳದವಳು ಸುರಿದಳು. ನನ್ನ ತಪ್ಪಿಲ್ಲ ಎಂದು ಹೇಳಬಹುದಿತ್ತು. ಆದರೆ ಪಾತ್ರೆ ಬೆಳ್ಳಿಯ ಹಾಗೆ ಹೊಳೆದಾಗ ನನಗೆ ಖುಷಿಯಾಗುತ್ತಿತ್ತು, ಯಾರೂ ಕೇಳದಿದ್ದರೂ ಇನ್ನೊಂದು ಹಿಡಿ ಹಾಕುತ್ತಿದ್ದೆ. ಅದು ನಿಜ. ಕೈ ನನ್ನದು.

ಪುಡಿಯ ಕರಾಮತ್ತೂ ಆಗಲೇ ಬಿಚ್ಚಿಕೊಂಡಿತು. ಟಾಕಿ ಗುಡುಗುಡು ಎನ್ನುತ್ತಿದ್ದದ್ದು ತಳದಲ್ಲಿ ಸುಮ್ಮನೆ ಮಲಗಿದ್ದ ರಾಡಿಯನ್ನು ಪುಡಿ ಮೇಲೆಬ್ಬಿಸುತ್ತಿದ್ದ ಸದ್ದು. ಎದ್ದ ರಾಡಿ ನೀರಿನ ಜೊತೆ ಇಂಗುಗುಂಡಿಗೆ ಹೋಗಿ ಅದರ ಬಾಯಿ ಮುಚ್ಚಿತ್ತು. ಖಾಲಿ ಮಾಡುವ ಪುಡಿಯಂತೆ! ಇಲ್ಲಿಂದ ಎತ್ತಿ ಅಲ್ಲಿ ಹಾಕಿತ್ತು, ಅಷ್ಟೇ.

“ಅಂದ್ರ ಹುಲಿಗೆಪ್ಪಂದು ತಪ್ಪಿಲ್ಲ,” ಎಂದರು ಕಾಂತಪ್ಪನವರು.

“ಇಲ್ರಿ. ನಂದು.”

ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ಹೇಳಬ್ಯಾಡ ತಿಪ್ಪವ್ವಾ. ಆರೂ ಮನಿ ಕೆಲಸಾ ಹೋಗ್ತಾವ. ದೇವದಾಸಂದು ಭಾಳ ಕೆಟ್ಟ ಬಾಯಿ. ಬೂದಿ ಹಾಕೂದು ಇವತ್ತಿನಿಂದ ನಿಂದರಸು, ಅವ ಗೋಡಿ ತಿದ್ದಿದಾಂಗ ಮಾಡಲಿ, ಮುಗೀತು.”

“ಗೋಡಿ ತಿದ್ದಬೇಕಂದ್ರ ಇಳೀಬೇಕಲ್ರಿ.”

ಅವರು ಬಗ್ಗಿ, ಬಿದ್ದಿದ್ದ ಬೀಡಿ, ಕಡ್ಡಿಪೆಟ್ಟಿಗೆ ಎತ್ತಿಕೊಂಡರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಾರೆ. ಆದರೆ ಒಳ್ಳೆಯ ಮನುಷ್ಯರಿಗೂ ಟಾಕಿಗೆ ಇಳಿಯುವವನು ಬೇರೆ ಯಾರೋ ಎಂಬ ಧೈರ್ಯ ಇರುತ್ತದೆ.

ಅವತ್ತು ಸಂಜೆ ಹುಲಿಗೆಪ್ಪ ಕೆಲಸದಿಂದ ಬಂದು ರೊಟ್ಟಿಗೆ ಕೂತಾಗ ಎಲ್ಲ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಒಂದು ಗಳಿಗೆ ನನ್ನ ಕೈ ನೋಡಿದ. ಆಮೇಲೆ ಮತ್ತೆ ಉಣ್ಣತೊಡಗಿದ.

“ಮಂದಿ ಮುಂದ ಹೇಳಬ್ಯಾಡ,” ಎಂದ. “ನಿನ್ನ ಬೂದಿ, ನನ್ನ ಟಾಕಿ. ಹೊರಗಿನವರಿಗೆ ಏನ್ ಸಂಬಂಧ? ಗುರುವಾರ ಇಳದು ತಗದು ಬರ್ತೀನಿ.”

“ನಾ ಮಾಡಿದ್ದಕ್ಕ ನೀ ಸಾಯ್ತೀಯಾ?”

“ಹಗ್ಗ ಕಟಗೊಂತೀನಿ.”

“ಹುಸೇನಪ್ಪನೂ ಕಟಗೊಂಡಿದ್ದ!”

ಅವನು ಎದ್ದು ಕೈ ತೊಳೆದುಕೊಂಡ. ಮೊದಲು ತನ್ನ ಗೋಡೆಗಾಗಿ ಇಳಿಯುವವನಿದ್ದ. ಈಗ ನನ್ನ ಮರ್ಯಾದೆಗಾಗಿ ಇಳಿಯುತ್ತಾನೆ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಈ ಗಂಡಸಿಗೆ ನನ್ನ ಹೆಸರು ಉಳಿಸುವುದು ಬೇಕು, ನನ್ನ ಜೊತೆ ಉಳಿಯುವುದು ಬೇಡ. ಬುಧವಾರ ಪೂರ್ತಿ ನಾವು ಒಬ್ಬರಿಗೊಬ್ಬರು ಮಾತಾಡಲಿಲ್ಲ.

ಗುರುವಾರ ಅವನಿಗಿಂತ ಮೊದಲು ನಾನು ಅಲ್ಲಿಗೆ ಹೋದೆ. ಪಾತ್ರೆ ತೊಳೆಯಲಿಲ್ಲ. ನೆಟ್ಟಗೆ ಹಿಂದಿನ ಅಂಗಳಕ್ಕೆ ಹೋಗಿ, ಕಚ್ಚೆ ಬಿಗಿದು, ಟಾಕಿಯ ಮುಚ್ಚಳದ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತೆ. ಚಳಿಗೆ ಕಲ್ಲು ಕೊರೆಯುತ್ತಿತ್ತು.

ಒಂಬತ್ತಕ್ಕೆ ಎಲ್ಲರೂ ಬಂದರು. ಗುರುವಾರದ ರಜೆ, ಗಂಡಸರಿಗೆ ಬೇರೆ ಕೆಲಸವಿಲ್ಲ. ದೇವದಾಸರ ಕೈಯಲ್ಲಿ ಗಟಾರಮಿತ್ರದ ಹೊಸ ಡಬ್ಬಿಗಳು, ಕೆಸರು ತೆಗೆದ ಮೇಲೆ ಇನ್ನು ಎರಡರಷ್ಟು ಹಾಕೋಣ ಎಂದು. ಹುಲಿಗೆಪ್ಪ ಆಗಲೇ ಅಂಗಿ ಕಳಚಿ, ಸೊಂಟಕ್ಕೆ ಹಗ್ಗ ಸುತ್ತಿಕೊಂಡಿದ್ದ. ನನ್ನನ್ನು ನೋಡಿ ಅವನ ಮುಖ ಕೆಂಪಾಯಿತು.

“ಏಳು, ತಿಪ್ಪಿ.”

“ಏಳಾಂಗಿಲ್ಲ.”

“ಉಠ್, ಉಠ್!” ಎಂದು ದೇವದಾಸರು ಕೈ ಬೀಸಿದರು, ನಾಯಿಯನ್ನು ಎಬ್ಬಿಸುವ ಹಾಗೆ.

ನಾನು ಮರಾಠಿಯಲ್ಲೇ ಶುರುಮಾಡಿದೆ. ನನ್ನ ಮರಾಠಿ ಸೈಟಿನ ಮರಾಠಿ, ಅದರಲ್ಲಿ ಬೆಣ್ಣೆ ಇಲ್ಲ. ಈ ಟಾಕಿಯ ಗೋಡೆ ಬಿರುಕು ಬಿಟ್ಟಿಲ್ಲ, ಇದರಲ್ಲಿ ಬೂದಿ ತುಂಬಿದೆ ಎಂದೆ. ಹಾಕಿದವಳು ನಾನು. ನಾಲ್ಕು ವರ್ಷ, ಆರು ಮನೆ, ಎರಡು ಹೊತ್ತು. ನಿಮ್ಮ ಬಂಬದ ಬೂದಿ, ನನ್ನ ಕೈ. ಒಂದು ಹಿಡಿ ನಿಮ್ಮ ಜಿಡ್ಡು ತೊಳೆಯುವುದಕ್ಕೆ, ಒಂದು ಹಿಡಿ ನನ್ನನ್ನು ತೊಳೆಯುವುದಕ್ಕೆ. ಆ ಎರಡನೆಯ ಹಿಡಿ ಇಲ್ಲದಿದ್ದರೆ ಇದು ಅರ್ಧವೂ ತುಂಬುತ್ತಿರಲಿಲ್ಲ. ನನ್ನ ಮೈಲಿಗೆ ಎಷ್ಟಿದೆ ಎಂದು ನೋಡಬೇಕಿದ್ದರೆ ಈ ಮುಚ್ಚಳ ತೆಗೆದು ನೋಡಿ, ಗಾಡಿಗಟ್ಟಲೆ ಇದೆ.

ಭಾಮಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹುಲಿಗೆಪ್ಪ ನೆಲ ನೋಡುತ್ತಿದ್ದ. ಮೊದಲು ಸುಧಾರಿಸಿಕೊಂಡವರು ದೇವದಾಸರೇ. ಒಳ್ಳೆಯದಾಯಿತು, ತಪ್ಪು ಒಪ್ಪಿಕೊಂಡೆಯಲ್ಲ, ಹೆಂಡತಿ ತುಂಬಿದ್ದನ್ನು ಗಂಡ ತೆಗೆಯಲಿ, ಅದೇ ನ್ಯಾಯ ಎಂದರು. ಹುಲಿಗೆಪ್ಪ ತಲೆಯಾಡಿಸಿ ಹಾರೆ ಕೈಗೆತ್ತಿಕೊಂಡ.

“ಯಾರೂ ಇಳಿಯಾಂಗಿಲ್ಲ!” ಇದನ್ನು ಕನ್ನಡದಲ್ಲೇ ಕೂಗಿದೆ. ಮರಾಠಿ ಎಲ್ಲಿ ಹೋಯಿತೋ. “ಇವನೂ ಇಳಿಯಾಂಗಿಲ್ಲ, ಬ್ಯಾರೆ ಯಾವ ಬಡವನೂ ಇಳಿಯಾಂಗಿಲ್ಲ. ಪಂಪಿನ ಲಾರಿ ಬರಬೇಕು. ಮ್ಯಾಲ ನಿಂತು ಪೈಪಿನಿಂದ ಎಳೀಬೇಕು. ಅಲ್ಲೀತನಕ ನಾ ಏಳಾಂಗಿಲ್ಲ. ಕಾಂತಪ್ಪಣ್ಣಾರ, ಇವರಿಗೆ ತಿಳಿಯೂ ಹಂಗ ಹೇಳ್ರಿ!”

ಕಾಂತಪ್ಪನವರು ಒಂದು ಕ್ಷಣ ತಡೆದರು. ಅಕ್ಕಪಕ್ಕದವರ ಜೊತೆ ಮನಸ್ತಾಪ ಅವರಿಗೆ ಬೇಡದ ವಿಷಯ. ಆಮೇಲೆ ಗಂಟಲು ಸರಿಮಾಡಿಕೊಂಡು ಮರಾಠಿಯಲ್ಲಿ ಹೇಳಿದರು. ಹೇಳುತ್ತಾ ಹ್ಯಾಗೋ ಅವರಿಗೂ ಕಾವೇರಿತು. ಮಂಗಳವಾರ ಕೋಲು ಇಳಿಸಿದಾಗ ನಾನೂ ಇದ್ದೆ, ಒಳಗಿರುವುದು ಬೂದಿಯೇ, ನನ್ನ ಮನೆಯದೂ ಇದೆ. ಪುಡಿ ಹಾಕಲು ಕೈಯೆತ್ತಿದವರಲ್ಲಿ ನಾನೂ ಒಬ್ಬ, ಈಗ ಕೈ ಇಳಿಸುತ್ತಿದ್ದೇನೆ ಎಂದರು. ಮನೆಗೆ ಹೋಗಿ ಕೋಟು ಹಾಕಿಕೊಂಡು ಬಂದರು. ದೌಂಡದಲ್ಲಿ ಜೊತೆಗೆ ಕೆಲಸ ಮಾಡಿದವರ ಮಗ ಪುಣೆಯಲ್ಲಿ ಲಾರಿಗಳ ಆಫೀಸಿನಲ್ಲಿದ್ದಾನೆ, ಅರ್ಜಿ ಬರೆದು ಕೊಟ್ಟು ಇವತ್ತೇ ಕರೆತರುತ್ತೇನೆ ಎಂದು ಬಸ್ ಸ್ಟಾಪಿನ ಕಡೆ ಹೊರಟೇಬಿಟ್ಟರು.

ದೇವದಾಸರು ಡಬ್ಬಿ ಅಲ್ಲಾಡಿಸುತ್ತಾ ಲಾರಿ ಯಾತಕ್ಕೆ, ಪುಡಿಗೆ ಇನ್ನೊಂದು ಅವಕಾಶ ಕೊಡಿ ಎಂದರು. ನನಗೆ ತಡೆಯಲಾಗಲಿಲ್ಲ. ನಿಮ್ಮ ಪುಡಿ ಬೂದಿ ತಿನ್ನುತ್ತದೆಯೇ ಎಂದು ಕೇಳಿದೆ. ತಿನ್ನುವುದಾದರೆ ಈಗಲೇ ಮೋರಿಯ ಡಬ್ಬಿಯಿಂದ ಒಂದು ಹಿಡಿ ಬೂದಿ ತರುತ್ತೇನೆ, ಎಲ್ಲರ ಮುಂದೆ ತಿನ್ನಿಸಿ ತೋರಿಸಿ. ಆಗದಿದ್ದರೆ ಮಾರಿದ ನಿಮ್ಮ ತಂಗಿಯ ಗಂಡನನ್ನು ಕರೆಸಿ, ಅವರೇ ಇಳಿಯಲಿ. ಯಾರೋ ಹಿಂದೆ ಕಿಸಕ್ಕೆಂದು ನಕ್ಕರು. ಸಾಹೇಬರು ಒಳಗೆ ಹೋದವರು ಸಂಜೆಯವರೆಗೆ ಹೊರಗೆ ಬರಲಿಲ್ಲ.

ಜನ ಕರಗಿದರು. ಹುಲಿಗೆಪ್ಪ ಹಾರೆ ಹಿಡಿದು ಅಲ್ಲೇ ನಿಂತಿದ್ದ.

“ನನ್ನ ಮಾನಾ ತಗದಿ,” ಎಂದ.

“ತಗದೀನಿ.”

“ಎದ್ದೇಳು, ನಾಲ್ಕು ಬಕೀಟಾದ್ರೂ...”

“ನನ್ನ ಮ್ಯಾಲ ಹಾರಿ ಹಾಕಿ ಎಬ್ಬಸು. ಧೈರ್ಯ ಇದ್ರ.”

ಬಿಸಿಲು ಏರಿತು. ಮೊಣಕಾಲು ಹಿಡಿದುಕೊಂಡಿತು. ಅವನು ಎರಡು ಗಂಟೆ ಬೇವಿನ ಮರಕ್ಕೆ ಒರಗಿ ನಿಂತಿದ್ದ. ಆಮೇಲೆ ಹಾರೆ ಕೆಳಗಿಟ್ಟು, ಸೊಂಟದ ಹಗ್ಗ ಬಿಚ್ಚಿ ಸುತ್ತಿ, ಬಂದು ಅದೇ ಮುಚ್ಚಳದ ಮೇಲೆ ನನ್ನ ಹಿಂದೆ, ಬೆನ್ನಿಗೆ ಬೆನ್ನು ಮಾಡಿ ಕೂತ. ಅವನ ಬೆನ್ನಿನ ಬಿಸಿ ನನ್ನ ಬೆನ್ನಿಗೆ ತಾಗುತ್ತಿತ್ತು. ಹಾಗೆ ಇಬ್ಬರೂ ಮೂರೂವರೆಯವರೆಗೆ ಕೂತಿದ್ದೆವು.

ಲಾರಿ ಬಂತು. ಮುಂದಿನ ಸೀಟಿನಲ್ಲಿ ಕಾಂತಪ್ಪನವರು ಗೆದ್ದವರ ಹಾಗೆ ಕೂತಿದ್ದರು. ಪೈಪು ಇಳಿಸಿದ ಲಾರಿಯವನು ಇದು ಕೆಸರಲ್ಲ, ಗಾರೆ ಎಂದು ಗೊಣಗಿದ. ಹುಲಿಗೆಪ್ಪ ಮೇಲೆ ನಿಂತೇ ನೀರು ಸುರಿಸಿ, ಉದ್ದನೆಯ ಗಳದಿಂದ ಬೂದಿಯನ್ನು ಕದಡಿ ಕದಡಿ ಪೈಪಿನ ಬಾಯಿಗೆ ತಳ್ಳಿದ. ಒಂದು ಹೆಜ್ಜೆ ಮುಂದೆ ಇಟ್ಟಾಗಲೆಲ್ಲ ನಾನು ಅವನ ಧೋತರದ ಚುಂಗು ಹಿಡಿದುಕೊಳ್ಳುತ್ತಿದ್ದೆ. ಅವನು ಬಿಡಿಸಿಕೊಳ್ಳಲಿಲ್ಲ. ಕೊನೆಗೆ ತಳದಲ್ಲಿ ಒಂದು ಗೇಣು ಬಿಡಿ, ಪೂರ್ತಿ ತೊಳೆಯಬೇಡಿ, ಆ ಹುಳ ಉಳಿದರೆ ಟಾಕಿ ಮತ್ತೆ ತಾನೇ ಶುರುವಾಗುತ್ತದೆ ಎಂದು ಲಾರಿಯವನಿಗೆ ಹೇಳಿದ. ಇಂಗುಗುಂಡಿಯ ಮೇಲಿನ ಜಲ್ಲಿಯನ್ನು ಮರುದಿನ ತಾನೇ ಅಗೆದು ತೆಗೆದು ಹೊಸದು ಹಾಕುವುದಾಗಿ ಕಾಂತಪ್ಪನವರಿಗೆ ಮಾತು ಕೊಟ್ಟ. ಅದು ತೆರೆದ ಅಂಗಳದ ಕೆಲಸ, ನಾನು ಅಡ್ಡ ಬರಲಿಲ್ಲ.

ಭಾಮಾಬಾಯಿ ಹಿತ್ತಲ ಬಾಗಿಲಿಗೆ ಬಂದು ನಾಳೆಯಿಂದ ಬರಬೇಡ ಎಂದರು. ಇನ್ನೆರಡು ಮನೆಯವರು ಅದನ್ನೇ ಹೇಳಿ ಕಳಿಸಿದರು. ಮೂರು ಮನೆ ಹೋದವು, ಮೂರು ಉಳಿದವು. ಉಳಿದ ಮನೆಗಳಿಗೆ ಆಗಲೇ ಹೇಳಿಬಿಟ್ಟೆ. ಸೋಪಿನ ಪುಡಿ ತಂದಿಡಿ, ಬೂದಿ ಗಿಡದ ಬುಡಕ್ಕೆ ಹಾಕಿ, ಪಾತ್ರೆ ಒಂದೇ ಸಲ ತೊಳೆಯುತ್ತೇನೆ.

ಲಾರಿ ಹೋದ ಮೇಲೆ ಹುಲಿಗೆಪ್ಪ ಕಾಂತಪ್ಪನವರ ಮನೆಯಿಂದ ಒಂದು ಕ್ಷೌರದ ಕನ್ನಡಿ ಕೇಳಿ ತಂದ. ಟಾಕಿಯ ಬಾಯಿಂದ ಒಂದು ಮೊಳ ದೂರ ಬೋರಲು ಮಲಗಿ, ಕನ್ನಡಿಯನ್ನು ಇಳಿಬಿಸಿಲಿಗೆ ಹಿಡಿದು, ಬೆಳಕನ್ನು ಒಳಗೆ ಬಿಟ್ಟ. ಬೆಳಕಿನ ಚೌಕ ಒದ್ದೆ ಗೋಡೆಯ ಮೇಲೆ ಮೆಲ್ಲಗೆ ಸರಿಯಿತು. ಒಂದು ಮೂಲೆ, ಇನ್ನೊಂದು ಮೂಲೆ, ನಡುವಿನ ಅಡ್ಡಗೋಡೆ, ಅದರ ಕೆಳಗಿನ ಕಿಂಡಿ. ಒಂದು ಕೂದಲೆಳೆಯಷ್ಟು ಬಿರುಕು ಇರಲಿಲ್ಲ. ಅವನು ತುಂಬ ಹೊತ್ತು ನೋಡಿದ.

ಆಮೇಲೆ ಎದ್ದು ಮುಚ್ಚಳ ಎಳೆದು ಮುಚ್ಚಿ, ನನ್ನ ಕಡೆ ತಿರುಗಿದ. ಎರಡು ದಿನದಿಂದ ನುಂಗಿಕೊಂಡಿದ್ದ ಸಿಟ್ಟೆಲ್ಲ ಆಗ ಹೊರಗೆ ಬಂತು.

“ಇಂಥಾ ಟಾಕಿ ಕೆಡಿಸಿದೆಲ್ಲಾ! ಕಣ್ಣ ಇಲ್ಲೇನು ನಿನಗ? ಗೌಂಡಿ ಹೇಣ್ತಿಯಾಗಿ ಮೋರಿಯಾಗ ಬೂದಿ ಬಿಡ್ತಾರೇನು? ಹಾಂ? ಬಿಡ್ತಾರೇನು?”

ಅಂಗಳದ ತುಂಬ ಕೇಳುವ ಹಾಗೆ ಬೈದ. ರಸ್ತೆಯುದ್ದಕ್ಕೂ ಬೈದ. ಗುಡಿಸಲು ಮುಟ್ಟುವವರೆಗೂ ಬೈಯುತ್ತಲೇ ಇದ್ದ. ನಾನು ಅವನ ಹಿಂದೆ ಕುಂಟುತ್ತಾ, ಒಂದು ಮಾತೂ ಎದುರಾಡದೆ, ಆ ದನಿಯನ್ನು ಹೊಟ್ಟೆತುಂಬ ಕೇಳುತ್ತಾ ನಡೆದೆ.

“ಬೈ,” ಎಂದೆ ಕೊನೆಗೆ. “ಇನ್ನಷ್ಟು ಬೈ.”